ಆಪ್ಟೋಮೆಟ್ರಿ ಓದುವವರು ಶಾಸಕರ ಬಾಗಿಲಿಗೆ ಹೋಗಬೇಕಾ? ನಿಮ್ಮ ಅನುಭವ ಹೇಳಿ

ಹಾವೇರಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಆಪ್ಟಮ್, ಅಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ತೆಗೆಯುವುದನ್ನು ಕಲಿಸುವ ಆಪ್ಟೋಮೆಟ್ರಿ ಡಿಗ್ರಿಯ ಮೂರನೇ ವರ್ಷ. ಊರು ಹಾವೇರಿ ಜಿಲ್ಲೆ, ಓದುತ್ತಿರುವುದು ಬೇರೆ ಕಡೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಮಗೆ ಮಕ್ಕಳ ಕಣ್ಣಿನ ಓಪಿಡಿಯಲ್ಲಿ ಪೋಸ್ಟಿಂಗ್ ಇತ್ತು. ಎಂಟು ವರ್ಷದ ಹುಡುಗನನ್ನು ಅವನ ತಾಯಿ ಕರೆದುಕೊಂಡು ಬಂದರು. ಅವನ ಕನ್ನಡಕ ಎರಡೂ ಕಣ್ಣಿಗೆ ಮೈನಸ್ 1.75 (ದೂರದ್ದು ಮಂಜಾಗಿ ಕಾಣುವವರಿಗೆ ಕೊಡುವ ನಂಬರ್). ಹಾಕಿಕೊಂಡರೆ ತಲೆನೋವು, ಪುಸ್ತಕ ತೆಗೆದರೆ ಕಣ್ಣು ಉಜ್ಜುತ್ತಾನೆ ಅಂದರು. ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ 'ಕಂಪ್ಯೂಟರ್ ಟೆಸ್ಟ್' ಮಾಡಿಸಿದ್ದರಂತೆ. ಮೆಷಿನ್‌ನಿಂದ ಬಂದ ಚೀಟಿಯನ್ನು ಪರ್ಸಿನಲ್ಲಿ ನಾಲ್ಕಾಗಿ ಮಡಚಿ ಇಟ್ಟುಕೊಂಡಿದ್ದರು. ಚೀಟಿಯಲ್ಲಿದ್ದ ನಂಬರನ್ನೇ ಹಾಗೇ ಕನ್ನಡಕಕ್ಕೆ ಇಳಿಸಿದ್ದರು.

ಡಾಕ್ಟರ್ ಕಣ್ಣಿನ ಬಿಗಿ ಬಿಡಿಸುವ ಸೈಕ್ಲೋಪೆಂಟೊಲೇಟ್ ಹನಿ ಬರೆದರು. ಮುಕ್ಕಾಲು ಗಂಟೆ ಕೂರಿಸಿದೆವು. ಬೆಳಕು ಚುಚ್ಚುತ್ತೆ ಅಂತ ಹುಡುಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಆಮೇಲೆ ನಾನೇ ರೆಟಿನೋಸ್ಕೋಪಿ ಮಾಡಿದೆ, ಅಂದರೆ ಕಣ್ಣಿಗೆ ಬೆಳಕು ಹಾಯಿಸಿ ನಂಬರ್ ತೆಗೆದೆ. 67 ಸೆಂಟಿಮೀಟರ್ ದೂರದಿಂದ ಪ್ಲಸ್ 2.25ಕ್ಕೆ ನ್ಯೂಟ್ರಲ್ ಆಯಿತು, ಅಂದರೆ ಬೆಳಕಿನ ಓಡಾಟ ನಿಂತಿತು. ನಾನು ಕೂತ ದೂರಕ್ಕೆ 1.50 ಕಳೆದರೆ ಪ್ಲಸ್ 0.75. ಮೇಡಂ ಬಂದು ಮತ್ತೆ ನೋಡಿದರು, ಅದೇ ಬಂತು. ಅಂದರೆ ಆ ಮಗುವಿಗೆ ಮೈನಸ್ ಬೇಕೇ ಇರಲಿಲ್ಲ. ಚಿಕ್ಕ ಮಕ್ಕಳು ಮೆಷಿನ್ ಒಳಗೆ ನೋಡುವಾಗ ಕಣ್ಣನ್ನು ಹತ್ತಿರಕ್ಕೆ ಬಿಗಿ ಹಿಡಿಯುತ್ತಾರೆ. ಹನಿ ಹಾಕಿ ಆ ಬಿಗಿ ಬಿಡಿಸದೆ ನಂಬರ್ ತೆಗೆದರೆ ಇಲ್ಲದ ಮೈನಸ್ ಬರುತ್ತೆ. ಇದು ನಮಗೆ ಎರಡನೇ ವರ್ಷದಲ್ಲೇ ಹೇಳಿಕೊಡುವ ಪಾಠ.

ತಾಯಿ ಕೇಳಿದರು: "ಅಂಗಡಿಯಲ್ಲಿ ನೋಡಿದವರೂ ನಿಮ್ಮ ಹಾಗೆ ಓದಿದವರೇ ಅಲ್ವಾ? ಓದಿಲ್ಲ ಅಂದ್ರೆ ಅವರನ್ನ ಕೇಳೋರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರೂಮಿಗೆ ಬಂದು ಹುಡುಕಿದೆ. ಲ್ಯಾಬ್, ಎಕ್ಸ್‌ರೇ, ಫಿಸಿಯೋ, ಕಣ್ಣಿನಂಥ ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ಸಂಸತ್ತು ಪಾಸು ಮಾಡಿದ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಓದಿದೆ. ಪಟ್ಟಿಯಲ್ಲಿ ಹತ್ತು ವರ್ಗ ಇವೆ, ಅದರಲ್ಲಿ ಒಂದು ಕಣ್ಣಿನದು. ಆಪ್ಟೋಮೆಟ್ರಿಸ್ಟ್ ಅಂತ ಸ್ಪಷ್ಟವಾಗಿ ಬರೆದಿದೆ. ಕೇಂದ್ರಕ್ಕೆ ಒಂದು ಆಯೋಗ, ಪ್ರತಿ ರಾಜ್ಯಕ್ಕೆ ಒಂದು ಪರಿಷತ್ತು. ಯಾರು ಓದಿದವರು, ಯಾರು ಅಲ್ಲ ಅನ್ನುವ ರಿಜಿಸ್ಟರ್ ಇಡುವುದು ರಾಜ್ಯ ಪರಿಷತ್ತಿನ ಕೆಲಸ. ಅಂದರೆ ಆ ತಾಯಿಯ ಪ್ರಶ್ನೆಗೆ ಉತ್ತರ ಇರುವುದು ಬೆಂಗಳೂರಿನಲ್ಲಿ.

ನಾವು ಆರು ಜನ ಸೇರಿ ನಮ್ಮೂರಿನ ಶಾಸಕರನ್ನು ಭೇಟಿ ಮಾಡಿ ಮನವಿ ಕೊಡೋಣ ಅಂದುಕೊಂಡಿದ್ದೇವೆ. ಒಬ್ಬ ಸರ್ "ಮೊದಲು ಓದು ಮುಗಿಸಿ, ರಾಜಕೀಯ ಆಮೇಲೆ" ಅಂದರು. ಕ್ಲಾಸಿನಲ್ಲೂ ಅರ್ಧ ಜನ ಹಾಗೇ ಹೇಳುತ್ತಿದ್ದಾರೆ. ನೀವೇನು ಹೇಳುತ್ತೀರಿ? ಹೋಗುವುದಾದರೆ ಹೇಗೆ ಹೋಗಬೇಕು, ಏನು ಕೇಳಬೇಕು?

ಅಪ್ಪಾಜಿ_ತುಮಕೂರು

ನನ್ನ ಮಗಳೂ ಇದೇ ಕೋರ್ಸ್ ಎರಡನೇ ವರ್ಷ ಓದುತ್ತಿದ್ದಾಳೆ ತಾಯಿ. ನಿನ್ನ ಮಾತು ಓದಿ ಹೆಮ್ಮೆ ಆಯಿತು, ಭಯವೂ ಆಯಿತು. ಸಾಲ ಮಾಡಿ ಫೀಸು ಕಟ್ಟಿದ್ದೇನೆ. ಧರಣಿ ಅಂತ ಹೋಗಿ ಒಂದು ಕೇಸು ಬಿದ್ದರೆ ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ತೊಂದರೆ ಆಗಲ್ವಾ? ಇಂಟರ್ನಲ್ ಮಾರ್ಕ್ಸ್ ಕಾಲೇಜಿನವರ ಕೈಯಲ್ಲಿ ಇರುತ್ತೆ. ತಂದೆಯಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನೇತ್ರಾಧಿಕಾರಿ_ಬೀದರ್

ಅಪ್ಪಾಜಿಯವರೇ, ಹುಡುಗಿ ಹೇಳುತ್ತಿರುವುದು ಧರಣಿ ಅಲ್ಲ, ಮನವಿ. ಆರು ಜನ ಬೆಳಗ್ಗೆ ಶಾಸಕರ ಕಚೇರಿಗೆ ಹೋಗಿ ಒಂದು ಕಾಗದ ಕೊಡುವುದಕ್ಕೆ ಯಾರ ಅನುಮತಿಯೂ ಬೇಡ. ದಿನಾ ನೂರು ಜನ ಹೋಗುತ್ತಾರೆ. ಚರಂಡಿ ಸರಿ ಇಲ್ಲ ಅಂತ ಹೋಗುತ್ತಾರೆ, ಬಸ್ ಬರಲ್ಲ ಅಂತ ಹೋಗುತ್ತಾರೆ. ಕಣ್ಣಿನ ವಿಷಯಕ್ಕೆ ಮಾತ್ರ ಯಾರೂ ಹೋಗಿಲ್ಲ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಕಣ್ಣು ಪರೀಕ್ಷೆ ಮಾಡುವ ನೇತ್ರಾಧಿಕಾರಿ, 22 ವರ್ಷದಿಂದ ಇದ್ದೇನೆ. ಡಿಪ್ಲೊಮಾ ಮಾಡಿ ಬಂದವನು. ನನಗೆ ಇರುವುದು ಒಂದು ಆಸ್ಪತ್ರೆಯಲ್ಲ. ವಾರದಲ್ಲಿ ಎರಡು ದಿನ ಒಂದು ಕಡೆ, ಒಂದು ದಿನ ಇನ್ನೊಂದು ಕಡೆ, ಉಳಿದ ದಿನ ಶಾಲೆ ತಪಾಸಣೆ, ಪೊರೆ ಕ್ಯಾಂಪು. ನಂಬರ್ ನೋಡುವ ಗಾಜುಗಳ ಟ್ರಯಲ್ ಬಾಕ್ಸನ್ನು ಬೈಕಿನ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣು ಮಂಜಾದವರನ್ನು ಹುಡುಕಿ ಕಳಿಸುತ್ತಾರೆ. ಕಳಿಸಿದವರನ್ನು ಕೂರಿಸಿ ಸರಿಯಾಗಿ ನಂಬರ್ ತೆಗೆಯಲು ಕೈ ಬೇಕಲ್ಲ? ಅಲ್ಲೇ ನಿಲ್ಲುವುದು ಕೆಲಸ.

ಹುಡುಗಿಗೆ ಒಂದು ಮಾತು. ಡಿಗ್ರಿ ಮಾಡಿದವರು ಬಂದರೆ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಾರೆ ಅಂತ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಅಂದುಕೊಂಡಿದ್ದಾರೆ. ಹಾಗೆ ಅನ್ನಿಸದಂತೆ ಬರೆಯಿರಿ. ಅದೇ ಕಾಯ್ದೆಯ ಅದೇ ಪಟ್ಟಿಯಲ್ಲಿ ಆಪ್ಟೋಮೆಟ್ರಿಸ್ಟ್ ಪಕ್ಕದಲ್ಲೇ ಆಪ್ತಾಲ್ಮಿಕ್ ಅಸಿಸ್ಟೆಂಟ್, ವಿಷನ್ ಟೆಕ್ನಿಷಿಯನ್ ಕೂಡ ಇದ್ದಾರೆ. ನಾವೆಲ್ಲ ಒಂದೇ ಮನೆಯವರು. ನಮ್ಮನ್ನು ಬಿಟ್ಟು ಹೋದರೆ ಆ ಶಾಸಕರು ನಾಳೆ ನಮ್ಮನ್ನು ಕರೆದು ಕೇಳುತ್ತಾರೆ, ಆಗ ಎರಡು ಥರ ಮಾತು ಬರುತ್ತೆ.

ಇಂಟರ್ನ್_ಮಂಗಳೂರು

ಹೋಗಿ ಅಕ್ಕ, ಖಂಡಿತ ಹೋಗಿ. ಆದರೆ ಅಂಗಡಿ ವಿಷಯ ಒಂದೇ ಯಾಕೆ? ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಕೇಳಿ. ನಾನು ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಆರು. ನಾನಿರುವ ಜಾಗದಲ್ಲಿ ಒಂದು ರೂಪಾಯಿ ಇಲ್ಲ, ಪಿಜಿ ಬಾಡಿಗೆ ಮನೆಯಿಂದಲೇ ಬರಬೇಕು. ಸರ್ಕಾರಿ ಕೆಲಸದಲ್ಲಿ ಡಿಗ್ರಿಯವರಿಗೆ ಬೇರೆ ಹುದ್ದೆ ಕೇಳಿ. ಹನಿ ಹಾಕುವ ಹಕ್ಕು ಕೇಳಿ. ಎಲ್ಲಾ ಒಟ್ಟಿಗೆ ಕೇಳಿಬಿಡಿ, ಮತ್ತೆ ಯಾವಾಗ ಬಾಗಿಲು ತೆರೆಯುತ್ತೋ ಗೊತ್ತಿಲ್ಲ.

ಕಡತ_ವಿಲೇವಾರಿ

ನಾನು ಸರ್ಕಾರಿ ಸೇವೆಯಿಂದ ನಿವೃತ್ತ. ಮನವಿಗಳು ಹೇಗೆ ಬರುತ್ತವೆ, ಎಲ್ಲಿ ಸಾಯುತ್ತವೆ ಅನ್ನುವುದನ್ನು ಜೀವನವಿಡೀ ನೋಡಿದ್ದೇನೆ. ಮಂಗಳೂರಿನ ತಮ್ಮನಿಗೆ ಪ್ರೀತಿಯಿಂದ ಹೇಳುತ್ತೇನೆ, ಎಲ್ಲಾ ಒಟ್ಟಿಗೆ ಕೇಳಿದ ಕಾಗದವೇ ಬೇಗ ಸಾಯುವುದು.

ಯಾಕೆ ಅಂತ ಹೇಳುತ್ತೇನೆ ಕೇಳಿ. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಶಿಕ್ಷಣ ಒಂದು ಇಲಾಖೆ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇನ್ನೊಂದು ಇಲಾಖೆ. ಕೋರ್ಸು, ಕಾಲೇಜು, ಸ್ಟೈಪೆಂಡ್ ಒಂದು ಕಡೆ. ತಾಲ್ಲೂಕು ಆಸ್ಪತ್ರೆಯ ಹುದ್ದೆ, ಶಾಲಾ ತಪಾಸಣೆ ಇನ್ನೊಂದು ಕಡೆ. ಒಂದೇ ಕಾಗದದಲ್ಲಿ ಎರಡನ್ನೂ ಬರೆದರೆ ಮೊದಲ ಇಲಾಖೆ "ಇದು ನಮಗೆ ಸಂಬಂಧಿಸಿದ್ದಲ್ಲ" ಅಂತ ಬರೆದು ಎರಡನೆಯದಕ್ಕೆ ಕಳಿಸುತ್ತದೆ. ಅವರೂ ಹಾಗೇ ಬರೆದು ವಾಪಸ್ ಕಳಿಸುತ್ತಾರೆ. ಕಡತಕ್ಕೆ ಟಿಪ್ಪಣಿ ಹಾಳೆ ಸೇರುತ್ತಾ ಹೋಗುತ್ತದೆ, ದಪ್ಪ ಆಗುತ್ತದೆ, ಅಷ್ಟೇ. ಆದ್ದರಿಂದ ಒಂದು ವಿಷಯಕ್ಕೆ ಒಂದು ಕಾಗದ. ಪ್ರತಿ ಕಾಗದ ಒಂದೇ ಪುಟ. ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಫೋಟೋ ತೆಗೆಸಿಕೊಂಡು ಬರುವವರು ತುಂಬಾ ಜನ. ನಂಬರ್ ಹಾಕಿಸಿಕೊಂಡು ಬರುವವರು ಕಡಿಮೆ. ಮೂರು ತಿಂಗಳಾದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಆ ನಂಬರ್ ಮಾತ್ರ.

ಇನ್ನೊಂದು. ಶಾಸಕರಿಗೆ ಮನವಿ ಕೊಟ್ಟರೆ ಅವರು ಒಂದು ಶಿಫಾರಸು ಪತ್ರ ಕೊಡುತ್ತಾರೆ. ಅದು ಒಳ್ಳೆಯದೇ. ಆದರೆ ಅವರಿಂದ ಸದನದಲ್ಲಿ ಪ್ರಶ್ನೆ ಕೇಳಿಸಿದರೆ ಅದರ ತೂಕವೇ ಬೇರೆ. ಚುಕ್ಕೆ ಗುರುತಿನ ಪ್ರಶ್ನೆ ಆದರೆ ಮಂತ್ರಿ ಸದನದಲ್ಲಿ ಬಾಯಿ ಬಿಟ್ಟು ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಆದರೆ ಬರಹದಲ್ಲಿ ಉತ್ತರ ಬರುತ್ತದೆ. ನಿಮಗೆ ಎರಡನೆಯದೇ ಸಾಕು, ಯಾಕೆಂದರೆ ನಿಮಗೆ ಬೇಕಿರುವುದು ಅಂಕಿ. ಎಷ್ಟು ಹುದ್ದೆ ಮಂಜೂರು, ಎಷ್ಟು ಖಾಲಿ, ಪರಿಷತ್ತಿನಲ್ಲಿ ಎಷ್ಟು ಜನ ನೋಂದಣಿ. ಸರ್ಕಾರವೇ ಬರೆದು ಕೊಟ್ಟ ಅಂಕಿಯನ್ನು ಆಮೇಲೆ ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಅಧಿವೇಶನ ಶುರುವಾಗುವ ಹೊತ್ತಿಗೆ ಹೋದರೆ ತಡ. ಈಗಲೇ ಪ್ರಶ್ನೆ ಬರೆದು ಅವರ ಆಪ್ತ ಸಹಾಯಕರ ಕೈಗೆ ಕೊಡಿ. ಆಪ್ತ ಸಹಾಯಕರಿಗೆ ಅರ್ಥವಾದರೆ ಅರ್ಧ ಕೆಲಸ ಆದಂತೆ.

"ರಾಜಕೀಯ ಆಮೇಲೆ" ಅಂದ ಆ ಮೇಷ್ಟ್ರ ಬಗ್ಗೆ ನನಗೆ ಸಿಟ್ಟಿಲ್ಲ. ನಮ್ಮ ರಾಜ್ಯದ ಕಾಲೇಜುಗಳಲ್ಲಿ 1989–90ರಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಿದರು. ಹೊಡೆದಾಟ ಆಗುತ್ತಿತ್ತು, ನಿಲ್ಲಿಸಿದ್ದಕ್ಕೆ ಕಾರಣವೂ ಇತ್ತು. ಆದರೆ ಆಮೇಲೆ ಓದಿದ ಮಕ್ಕಳಿಗೆ ಪ್ರತಿನಿಧಿ ಅಂದರೆ ಯಾರು, ಅವನ ಹತ್ತಿರ ಏನು ಕೇಳಬಹುದು ಅನ್ನುವ ಅಭ್ಯಾಸವೇ ತಪ್ಪಿಹೋಯಿತು. ಬಹುಶಃ ಆ ಮೇಷ್ಟ್ರೂ ಆಮೇಲೆ ಓದಿದವರೇ ಇರಬೇಕು.

ತುಂಗಾತೀರ

ಶಿವಮೊಗ್ಗದವನು, ಈಗ ಅಮೆರಿಕದ ಓಕ್ಲಹೋಮಾದಲ್ಲಿ ಆಪ್ಟೋಮೆಟ್ರಿ ಓದುತ್ತಿದ್ದೇನೆ. ಇಲ್ಲಿ ಇದು ಸಹಜವಾದ ಕೆಲಸ. ಮೊದಲ ವರ್ಷದಲ್ಲೇ ಬಿಳಿ ಕೋಟು ಹಾಕಿಸಿ ರಾಜ್ಯದ ಶಾಸನಸಭೆಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಕಾರಣ ಇದೆ. ಇಲ್ಲಿ ಆಪ್ಟೋಮೆಟ್ರಿಸ್ಟ್ ಏನು ಮಾಡಬಹುದು ಅನ್ನುವುದನ್ನು ದೆಹಲಿಯಂಥ ಒಂದು ಜಾಗದಲ್ಲಿ ಕೂತು ನಿರ್ಧರಿಸುವುದಿಲ್ಲ. ಒಂದೊಂದು ರಾಜ್ಯದ ಕಾನೂನು ಒಂದೊಂದು ಥರ.

ಶುರುವಾಗಿದ್ದು 1901ರಲ್ಲಿ ಮಿನ್ನೆಸೋಟದಿಂದ. ಆಪ್ಟೋಮೆಟ್ರಿಗೆ ಕಾನೂನು ಮಾಡಿದ ಮೊದಲ ರಾಜ್ಯ ಅದು. ಕಣ್ಣಿಗೆ ಔಷಧ ಬರೆಯುವ ಹಕ್ಕು ಮೊದಲು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾದಲ್ಲಿ, 1976ರಲ್ಲಿ. ಎಲ್ಲಾ ರಾಜ್ಯಗಳಿಗೆ ಅದು ಹಬ್ಬಲು ಇಪ್ಪತ್ತು ವರ್ಷದ ಮೇಲೆ ಬೇಕಾಯಿತು. ನಾನಿರುವ ಓಕ್ಲಹೋಮಾದಲ್ಲಿ 1998ರಲ್ಲೇ ಕೆಲವು ಲೇಸರ್ ಚಿಕಿತ್ಸೆಗೆ ಅವಕಾಶ ಬಂತು. ಕೆಂಟಕಿಗೆ 2011ರಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗುವ ರೋಗ) ಚಿಕಿತ್ಸೆ ಕೊಡುವ ಹಕ್ಕಿಗೇ 2021ರವರೆಗೆ ಕಾಯಬೇಕಾಯಿತು. ರಾಜ್ಯದ ಗಡಿ ದಾಟಿ ಅಂಥ ಕಡೆ ಹೋದರೆ ನಮ್ಮ ಕೈಯಲ್ಲಿರುವ ವಿದ್ಯೆ ಬಳಸುವಂತಿಲ್ಲ. ಹಾಗಾಗಿ ಯಾವ ರಾಜ್ಯದಲ್ಲಿ ಕೆಲಸ ಮಾಡಬೇಕು ಅನ್ನುವುದಕ್ಕೂ, ಆ ರಾಜ್ಯದ ಶಾಸಕರು ಯಾರು ಅನ್ನುವುದಕ್ಕೂ ವಿದ್ಯಾರ್ಥಿಗೆ ನೇರ ಸಂಬಂಧ ಇದೆ.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಕೆಂಟಕಿಯಲ್ಲಿ ಮಸೂದೆ ಪಾಸಾದಾಗ ಆಪ್ಟೋಮೆಟ್ರಿಸ್ಟ್‌ಗಳು ಶಾಸಕರಿಗೆ ಕೊಟ್ಟ ಚುನಾವಣಾ ದೇಣಿಗೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು. ಓದಿದಾಗ ನನಗೆ ಬೇಜಾರಾಯಿತು. ನನ್ನಂತೆ ವೀಸಾದಲ್ಲಿ ಇರುವವರು ದೇಣಿಗೆ ಕೊಡುವಂತಿಲ್ಲ, ವೋಟೂ ಇಲ್ಲ. ಮಾತಾಡಬಹುದು ಅಷ್ಟೇ. ಅದರಿಂದಲೇ ನಾನು ಮಾತಾಡುವುದನ್ನು ಕಲಿತೆ.

ಕಲಿತಿದ್ದು ಮೂರು ನಾಲ್ಕು ವಿಷಯ. ಆ ಕ್ಷೇತ್ರದ ವೋಟರ್ ಆಗಿರುವ ವಿದ್ಯಾರ್ಥಿ ಮೊದಲು ಮಾತಾಡಬೇಕು. "ನಾನು ನಿಮ್ಮ ಕ್ಷೇತ್ರದವಳು" ಅನ್ನುವ ಒಂದು ವಾಕ್ಯಕ್ಕೆ ಅವರು ತಲೆ ಎತ್ತಿ ನೋಡುತ್ತಾರೆ. ಸಿಗುವುದು ಐದು ನಿಮಿಷ, ಅದರಲ್ಲಿ ಒಬ್ಬ ರೋಗಿಯ ಕಥೆ, ಒಂದು ಬೇಡಿಕೆ. ಆ ಎಂಟು ವರ್ಷದ ಹುಡುಗನ ಕಥೆಗಿಂತ ಒಳ್ಳೆಯದು ನಿಮಗೆ ಸಿಗಲ್ಲ ತಂಗಿ. ಹೆಸರು, ಊರು ಹೇಳಬೇಡ. ಚೀಟಿ ಮಡಚಿ ಇಟ್ಟಿದ್ದನ್ನು ಹೇಳು. ವಾಪಸ್ ಬಂದ ವಾರದೊಳಗೆ ಧನ್ಯವಾದದ ಪತ್ರ ಬರೆ. ಇಲ್ಲಿ ನಮ್ಮ ಮೇಡಂ ಅದನ್ನು ಕೈಬರಹದಲ್ಲೇ ಬರೆಸುತ್ತಾರೆ.

ಸ್ಲಿಟ್‌ಲ್ಯಾಂಪ್

ನಾನು ಕಣ್ಣಿನ ಡಾಕ್ಟರ್, ಜಿಲ್ಲಾ ಕೇಂದ್ರದಲ್ಲಿ ಪ್ರಾಕ್ಟೀಸ್. ಈ ಚರ್ಚೆಯಲ್ಲಿ ನನ್ನಂಥವರ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಅಮೆರಿಕದ ಲೇಸರ್ ವಿಷಯ ಇಲ್ಲಿಗೆ ತರಬೇಡಿ. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಡೂ ಸದನದಲ್ಲಿ ಪಾಸಾದ ಅಂಥ ಮಸೂದೆಯನ್ನು ಗವರ್ನರ್ ತಿರಸ್ಕರಿಸಿದರು. ತರಬೇತಿ ಸಾಕಷ್ಟಿದೆ ಅಂತ ಅವರಿಗೆ ಮನವರಿಕೆ ಆಗಿರಲಿಲ್ಲ. ನನ್ನ ಭಯವೂ ಅದೇ. ವಾರಕ್ಕೆ ಒಬ್ಬರಾದರೂ ತಡವಾಗಿ ಬಂದ ಗ್ಲಾಕೋಮಾ ರೋಗಿ ನನ್ನ ಹತ್ತಿರ ಬರುತ್ತಾರೆ. ವರ್ಷಗಟ್ಟಲೆ ಕನ್ನಡಕ ಬದಲಾಯಿಸುತ್ತಾ ಇದ್ದವರು. ಯಾರೂ ಕಣ್ಣಿನ ನರ ನೋಡಿರುವುದಿಲ್ಲ, ಕಣ್ಣಿನ ಪ್ರೆಶರ್ ನೋಡಿರುವುದಿಲ್ಲ. ಹೋದ ದೃಷ್ಟಿಯನ್ನು ನಾನು ವಾಪಸ್ ತರಲು ಆಗುವುದಿಲ್ಲ. ಅವರ ಮನೆಯವರಿಗೆ ಹೇಳುವ ಹೊತ್ತು ನನಗೆ ಪ್ರತಿ ಸಲ ಕಷ್ಟ.

ಆದರೆ ಹಾವೇರಿಯ ಹುಡುಗಿ ಕೇಳುತ್ತಿರುವುದು ಬೇರೆ. ಕಣ್ಣು ನೋಡುವವರು ಓದಿರಬೇಕು, ಓದಿದವರ ಹೆಸರು ಒಂದು ಕಡೆ ಇರಬೇಕು, ತಪ್ಪಾದರೆ ಕೇಳುವವರು ಇರಬೇಕು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಚೆನ್ನಾಗಿ ಕಲಿತ ಆಪ್ಟೋಮೆಟ್ರಿಸ್ಟ್ ಪಕ್ಕದಲ್ಲಿ ಇದ್ದರೆ ನನ್ನ ರೋಗಿಗಳು ಬೇಗ ಬರುತ್ತಾರೆ. ನನ್ನ ಕ್ಲಿನಿಕ್‌ನಲ್ಲಿ ಇರುವ ಹುಡುಗಿ ಹೋದ ವರ್ಷ ಕನ್ನಡಕಕ್ಕೆ ಅಂತ ಬಂದ ಒಬ್ಬ ಲಾರಿ ಡ್ರೈವರ್‌ನ ಪಾಪೆ ನೋಡಿ ಅನುಮಾನಪಟ್ಟು ನನ್ನನ್ನು ಕರೆದಳು. ರೆಟಿನಾ (ಕಣ್ಣೊಳಗಿನ ಪರದೆ) ಕಿತ್ತುಬರುತ್ತಿತ್ತು. ಅದೇ ದಿನ ಕಳಿಸಿದೆವು, ಕಣ್ಣು ಉಳಿಯಿತು.

ಹನಿ ಹಾಕುವ ಹಕ್ಕು ಅಂತ ಮಂಗಳೂರಿನವರು ಬರೆದಿದ್ದಾರೆ. ಅದನ್ನು ಈ ಮನವಿಯಲ್ಲಿ ಸೇರಿಸಿದರೆ ನನ್ನಂಥವರಲ್ಲಿ ಹಲವರು ವಿರೋಧ ಮಾಡುತ್ತಾರೆ. ಸೇರಿಸದಿದ್ದರೆ ಸಹಿ ಹಾಕುತ್ತೇವೆ. ನಾನಂತೂ ಹಾಕುತ್ತೇನೆ.

ಇಂಟರ್ನ್_ಮಂಗಳೂರು

ಸರ್, ನಿಮ್ಮ ಮಾತಿಗೆ ಗೌರವ ಇದೆ. ಹನಿ ವಿಷಯ ಬಿಡುತ್ತೇನೆ. ಆದರೆ ಸ್ಟೈಪೆಂಡ್ ಬಿಡಲು ಮನಸ್ಸಿಲ್ಲ. ನನ್ನ ಜೊತೆಯ ಒಬ್ಬಳು ಇಂಟರ್ನ್‌ಶಿಪ್ ಮಧ್ಯದಲ್ಲೇ ಬಿಟ್ಟು ಅಂಗಡಿಯಲ್ಲಿ ಸೇಲ್ಸ್‌ಗೆ ಸೇರಿದಳು, ಮನೆಯಲ್ಲಿ ದುಡ್ಡಿಲ್ಲ ಅಂತ. ಅವಳ ರೆಟಿನೋಸ್ಕೋಪಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಕಡತ ಸರ್ ಹೇಳಿದ ಹಾಗೆ ಬೇರೆ ಕಾಗದದಲ್ಲಿ, ವೈದ್ಯಕೀಯ ಶಿಕ್ಷಣ ಇಲಾಖೆಗೆ ನಾನೇ ಬರೆಯುತ್ತೇನೆ. ಯಾರಾದರೂ ಸೇರುತ್ತೀರಾ?

ಪಾಠದ_ಮೇಡಂ

ನಾನು ಸೇರುತ್ತೇನೆ. ಆಪ್ಟೋಮೆಟ್ರಿ ಪಾಠ ಮಾಡುತ್ತಾ ಹನ್ನೊಂದು ವರ್ಷ ಆಯಿತು. ವಿದ್ಯಾರ್ಥಿಗಳ ಕಾಗದದಲ್ಲಿ ಪಾಠ ಮಾಡುವವರ ಸಹಿಯೂ ಒಂದು ಇದ್ದರೆ ಅಪ್ಪಾಜಿಯವರ ಭಯ ಸ್ವಲ್ಪ ಕಡಿಮೆ ಆಗಬಹುದು.

ಇಲ್ಲಿ ಇನ್ನೂ ಬಾರದ ಒಂದು ವಿಷಯ ಹೇಳಬೇಕು. ಕಾಯ್ದೆ ಬಂದಿದ್ದು 2021ರಲ್ಲಿ. ಆರು ತಿಂಗಳಲ್ಲಿ ರಾಜ್ಯಗಳು ಪರಿಷತ್ತು ರಚಿಸಬೇಕು ಅಂತ ಅದರಲ್ಲೇ ಬರೆದಿದೆ. 2024ರ ಆಗಸ್ಟ್‌ನಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂದಾಗ 14 ರಾಜ್ಯಗಳು ಮಾತ್ರ ರಚಿಸಿದ್ದವು, ಅವೂ ಕೆಲಸ ಮಾಡುತ್ತಿರಲಿಲ್ಲ. ಅಕ್ಟೋಬರ್ 12ರ ಒಳಗೆ ಮಾಡಿ ಅಂತ ಕೋರ್ಟ್ ಹೇಳಬೇಕಾಯಿತು. ಆ ಕೋರ್ಟಿಗೆ ಹೋದವರು ಯಾರು ಗೊತ್ತಾ? ಮೆಡಿಕಲ್ ಟೆಕ್ನಾಲಜಿಸ್ಟ್‌ಗಳ ಒಕ್ಕೂಟ. ಲ್ಯಾಬಿನವರು, ಎಕ್ಸ್‌ರೇಯವರು ಹೋರಾಡಿದ್ದರ ಫಲ ನಮಗೂ ಸಿಕ್ಕಿತು. ಫಿಸಿಯೋದವರು ಮೊದಲಿನಿಂದಲೂ ಗಟ್ಟಿ. ನಮ್ಮವರು ಎಲ್ಲಿದ್ದರು ಅಂತ ನಾನು ನನ್ನನ್ನೇ ಕೇಳಿಕೊಂಡಿದ್ದೇನೆ. ಚೆನ್ನೈನಲ್ಲಿ 1985ರಲ್ಲಿ ನಾಲ್ಕು ವರ್ಷದ ಆಪ್ಟೋಮೆಟ್ರಿ ಡಿಗ್ರಿ ಶುರುವಾಯಿತು. ಅವತ್ತಿನಿಂದ ಲೆಕ್ಕ ಹಾಕಿದರೆ ಕಾಯ್ದೆಯಲ್ಲಿ ನಮ್ಮ ಹೆಸರು ಬರಲು 36 ವರ್ಷ. ಅಷ್ಟು ಬ್ಯಾಚುಗಳು ಬರೀ ಓದಿ ಹೊರಗೆ ಹೋದವು.

ಇನ್ನೊಂದು ದಾರಿ ಇದೆ, ನಮ್ಮ ಮನೆ ಅಂಗಳದಲ್ಲೇ ಇದೆ, ಯಾರೂ ನೋಡುವುದಿಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರ ಕ್ಷೇತ್ರಗಳು. ಡಿಗ್ರಿ ಮುಗಿದು ಮೂರು ವರ್ಷ ಆದವರು ಅಲ್ಲಿ ವೋಟರ್ ಆಗಬಹುದು. ಆದರೆ ತಾನಾಗಿ ಹೆಸರು ಬರುವುದಿಲ್ಲ. ಫಾರಂ 18 ತುಂಬಿ ಕೊಡಬೇಕು, ಚುನಾವಣೆಗೆ ಪಟ್ಟಿ ಹೊಸದಾಗಿ ಮಾಡುವಾಗ ಮತ್ತೆ ಕೊಡಬೇಕು. 2024ರ ಜೂನ್‌ನಲ್ಲಿ ಈಶಾನ್ಯ, ನೈಋತ್ಯ, ಬೆಂಗಳೂರು ಪದವೀಧರ ಕ್ಷೇತ್ರಗಳಿಗೆ ಚುನಾವಣೆ ನಡೆಯಿತು. ಆಗ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ "ಯಾರ್ಯಾರು ಹೆಸರು ಸೇರಿಸಿದ್ದೀರಿ?" ಅಂತ ಕೇಳಿದೆ. ಹೆಚ್ಚಿನವರು "ಅದೇನು ಮೇಡಂ?" ಅಂತ ಕೇಳಿದರು. ಈ ಕ್ಷೇತ್ರಗಳಲ್ಲಿ ಮತದಾರರು ವಿಧಾನಸಭೆಗಿಂತ ತುಂಬಾ ಕಡಿಮೆ. ಅಲ್ಲಿ ಇನ್ನೂರು ಆಪ್ಟೋಮೆಟ್ರಿ ಪದವೀಧರರು ಪಟ್ಟಿಯಲ್ಲಿ ಇದ್ದಾರೆ ಅಂದರೆ ಅಭ್ಯರ್ಥಿಯೇ ಫೋನ್ ಮಾಡುತ್ತಾರೆ. ಹಾವೇರಿ ಪಶ್ಚಿಮ ಪದವೀಧರ ಕ್ಷೇತ್ರಕ್ಕೆ ಸೇರುತ್ತೆ. ನಿನಗೆ ಇನ್ನೂ ವಯಸ್ಸಿದೆ ಮಗಳೇ, ನಿನ್ನ ಸೀನಿಯರ್‌ಗಳಿಗೆ ಹೇಳು.

ಅಪ್ಪಾಜಿ_ತುಮಕೂರು

ಮೇಡಂ, ನಿಮ್ಮಂಥವರು ಜೊತೆಗೆ ಇದ್ದರೆ ನನಗೆ ಧೈರ್ಯ. ನಿನ್ನೆ ರಾತ್ರಿ ಮಗಳಿಗೆ ಫೋನ್ ಮಾಡಿ ಈ ಚರ್ಚೆ ಓದಿ ಹೇಳಿದೆ. ಅವಳು ಆಗಲೇ ಓದಿದ್ದಳು. "ಅಪ್ಪ, ಆ ಅಪ್ಪಾಜಿ ನೀವೇನಾ?" ಅಂದಳು. ನಮ್ಮ ಕಡೆ ಶಾಸಕರಿಗೆ ಕೊಡುವುದಾದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಯಾವುದೇ ಪಕ್ಷದ ಶಾಲು ಹಾಕಿಕೊಳ್ಳಬಾರದು ಅನ್ನುವ ಷರತ್ತು ಮಾತ್ರ ಹಾಕಿದ್ದೇನೆ.

ಕಡತ_ವಿಲೇವಾರಿ

ಒಳ್ಳೆಯ ಷರತ್ತು. ಬೇರೆ ಬೇರೆ ಜಿಲ್ಲೆಯಿಂದ ಬೇರೆ ಬೇರೆ ಪಕ್ಷದ ಶಾಸಕರು ಒಂದೇ ಪ್ರಶ್ನೆ ಕೇಳಿದರೆ ಇಲಾಖೆ ಗಮನ ಕೊಟ್ಟು ಉತ್ತರ ಬರೆಯುತ್ತದೆ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಹೇಳಿದ್ದು, ಚಿಕ್ಕದಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಹುದ್ದೆ ಕೇಳುವ ಮೊದಲು ವೃಂದ ಮತ್ತು ನೇಮಕಾತಿ ನಿಯಮ ಓದಿ. ಆ ಹುದ್ದೆಗೆ ಯಾವ ವಿದ್ಯಾರ್ಹತೆ ಬರೆದಿದೆ ಅನ್ನುವುದೇ ಗೊತ್ತಿಲ್ಲದೆ ಹುದ್ದೆ ಕೇಳಿದ ಮನವಿಗಳನ್ನು ತುಂಬಾ ನೋಡಿದ್ದೇನೆ.

ಹಾವೇರಿ_ಹುಡುಗಿ

ಎಲ್ಲರಿಗೂ ಧನ್ಯವಾದ. ಮೂರು ವಾರ ಸುಮ್ನೆ ಇದ್ದೆ, ಪರೀಕ್ಷೆ ಇತ್ತು. ಈಗ ಸುದ್ದಿ ಹೇಳುತ್ತೇನೆ.

ಹೋದ ಸೋಮವಾರ ಹೋದೆವು. ಆರು ಜನ ಅಂದುಕೊಂಡಿದ್ದೆವು, ಬಸ್ ಸ್ಟ್ಯಾಂಡಿಗೆ ಬಂದವರು ನಾಲ್ಕು ಜನ. ಶಾಸಕರ ಕಚೇರಿ ಮುಂದೆ ಬೆಳಗ್ಗೆ ಎಂಟಕ್ಕೇ ಜನ ಕೂತಿದ್ದರು. ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜ ಪಿಂಚಣಿ ನಿಂತಿದೆ ಅಂತ ಬಂದಿದ್ದರು. ನನ್ನ ಗೆಳತಿ ಅವರ ಕಾಗದ ಓದಿ ಹೇಳಿದಳು, ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಇದೆಯಾ ಅಜ್ಜ ಅಂತ ಕೇಳಿದರೆ ಜೇಬಿನಿಂದ ಒಂದು ಕಡ್ಡಿ ಮುರಿದ ಕನ್ನಡಕ ತೆಗೆದರು. ದಾರದಲ್ಲಿ ಕಟ್ಟಿದ್ದರು.

ಹನ್ನೊಂದೂವರೆಗೆ ಒಳಗೆ ಕರೆದರು. ನನ್ನ ಕೈ ಬೆವರಿ ಕಾಗದ ಒದ್ದೆ ಆಗಿತ್ತು. "ನಾನು ನಿಮ್ಮ ಕ್ಷೇತ್ರದವಳು ಸರ್, ಮೊದಲ ವೋಟು ಇಲ್ಲೇ ಹಾಕಿದ್ದು" ಅಂದೆ. ತುಂಗಾತೀರ ಅಣ್ಣ ಹೇಳಿದ ಹಾಗೇ ಆಯಿತು, ತಲೆ ಎತ್ತಿದರು. ಹುಡುಗನ ಕಥೆ ಹೇಳಿದೆ. "ಮೆಷಿನ್ ಸುಳ್ಳು ಹೇಳುತ್ತಾ?" ಅಂತ ಕೇಳಿದರು. ಮೆಷಿನ್ ಸುಳ್ಳು ಹೇಳಲ್ಲ ಸರ್, ಮಗುವಿನ ಕಣ್ಣು ಬಿಗಿಯಾಗಿರುತ್ತೆ, ಅದನ್ನು ತಿಳಿದವರು ನೋಡಬೇಕು ಅಂದೆ. ತಮ್ಮ ಮೊಮ್ಮಗಳಿಗೂ ಕನ್ನಡಕ ಬಂದಿದೆ ಅಂದರು. ಎಲ್ಲಿ ಮಾಡಿಸಿದಿರಿ ಅಂತ ಕೇಳುವ ಧೈರ್ಯ ಬರಲಿಲ್ಲ, ಆದರೆ ಅವರೇ ಹನಿ ಹಾಕಿಸಬೇಕಾ ಅಂತ ಕೇಳಿದರು. ಒಮ್ಮೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ ಸರ್ ಅಂದೆ.

ಪ್ರಶ್ನೆ ಬರೆದುಕೊಂಡು ಬನ್ನಿ, ಕೇಳುತ್ತೇನೆ ಅಂದರು. ಆಪ್ತ ಸಹಾಯಕರು ನಂಬರ್ ಕೊಟ್ಟರು. ಮನವಿಯ ಪ್ರತಿಯ ಮೇಲೆ ಸೀಲು ಮತ್ತು ನಂಬರ್ ಹಾಕಿಸಿಕೊಂಡೆ ಕಡತ ಸರ್.

ಎಲ್ಲಾ ಗೆದ್ದು ಬಂದೆವು ಅಂತ ಅಲ್ಲ. ಕಾಲೇಜಿನಲ್ಲಿ ಕೆಲವರು ಈಗ ನಮ್ಮನ್ನು 'ಲೀಡರ್' ಅಂತ ಕರೆಯುತ್ತಾರೆ, ಅದು ಹಿತವಾಗಿ ಕೇಳಿಸಲ್ಲ. ಬರದೇ ಇದ್ದ ಇಬ್ಬರಲ್ಲಿ ಒಬ್ಬಳು ನನ್ನ ರೂಮ್‌ಮೇಟ್. ಮನೆಯಲ್ಲಿ ಬೇಡ ಅಂದರಂತೆ. ಅವಳಿಗೆ ನಾನು ಏನೂ ಅನ್ನಲಿಲ್ಲ. ಪ್ರಶ್ನೆ ಬರೆಯುವಾಗ ಅವಳೇ ಪಕ್ಕ ಕೂತು ಮೂರು ಸಲ ತಿದ್ದಿದಳು.

ಪ್ರಶ್ನೆ ಹೀಗಿದೆ, ನೋಡಿ ಹೇಳಿ:

ಅ) ರಾಜ್ಯ ಅಲೈಡ್ ಮತ್ತು ಹೆಲ್ತ್‌ಕೇರ್ ಪರಿಷತ್ತಿನ ರಿಜಿಸ್ಟರ್‌ನಲ್ಲಿ ಇದುವರೆಗೆ ನೋಂದಣಿ ಆದ ನೇತ್ರ ತಂತ್ರಜ್ಞರು ಎಷ್ಟು?

ಆ) ಕನ್ನಡಕದ ಅಂಗಡಿಗಳಲ್ಲಿ ಕಣ್ಣು ಪರೀಕ್ಷೆ ಮಾಡುವವರ ವಿದ್ಯಾರ್ಹತೆಯನ್ನು ಪರಿಶೀಲಿಸುವ ಅಧಿಕಾರ ಯಾರಿಗಿದೆ?

ಇ) ಹಾವೇರಿ ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲಿ ಮಂಜೂರಾದ ಮತ್ತು ಖಾಲಿ ಇರುವ ನೇತ್ರಾಧಿಕಾರಿ ಹುದ್ದೆಗಳು ಎಷ್ಟು?

ನೇತ್ರಾಧಿಕಾರಿ_ಬೀದರ್

ಇ) ಓದಿ ಕಣ್ಣು ತುಂಬಿ ಬಂತು ತಂಗಿ. ನಮ್ಮ ಹುದ್ದೆಯನ್ನೂ ಸೇರಿಸಿದ್ದೀಯ. ಬೀದರ್‌ಗೂ ಇದೇ ಪ್ರಶ್ನೆ ಕೇಳಿಸಲು ನಮ್ಮ ಸಂಘದವರ ಹತ್ತಿರ ಮಾತಾಡುತ್ತೇನೆ.

ಸ್ಲಿಟ್‌ಲ್ಯಾಂಪ್

ಆ) ತುಂಬಾ ಚೆನ್ನಾಗಿದೆ. ನನ್ನ ಸಹಿ ಎಲ್ಲಿಗೆ ಕಳಿಸಬೇಕು ಹೇಳಿ.

ಕಡತ_ವಿಲೇವಾರಿ

ಎರಡು ತಿದ್ದುಪಡಿ. ಅ) ನಲ್ಲಿ 'ನೇತ್ರ ತಂತ್ರಜ್ಞರು' ಅಂತ ಇದೆ. ಕಾಯ್ದೆಯ ಪಟ್ಟಿಯಲ್ಲಿ ಇರುವ ಪದ 'ಆಪ್ಟೋಮೆಟ್ರಿಸ್ಟ್'. ಅದನ್ನೇ ಹಾಕು. ಇಲ್ಲದಿದ್ದರೆ "ಅಂತಹ ವರ್ಗ ಇರುವುದಿಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಇ) ಆರೋಗ್ಯ ಇಲಾಖೆಯದು, ಮೊದಲ ಎರಡರ ಜೊತೆ ಬೇಡ. ಅದನ್ನು ಬೇರೆ ಹಾಳೆಯಲ್ಲಿ ಬರೆ.

ಹಾವೇರಿ_ಹುಡುಗಿ

ಎರಡೂ ಸರಿಮಾಡಿದೆ ಸರ್. ಈಗ ಎರಡು ಹಾಳೆ. ನಾಳೆ ಬೆಳಗ್ಗೆ ಆರೂವರೆ ಬಸ್ಸಿಗೆ ಹೋಗಿ ಕೊಟ್ಟು ಮಧ್ಯಾಹ್ನದ ಓಪಿಡಿಗೆ ವಾಪಸ್ ಬರುತ್ತೇನೆ. ರೂಮ್‌ಮೇಟ್ ಕೂಡ ಬರುತ್ತಿದ್ದಾಳೆ. ಆ ಅಜ್ಜನಿಗೆ ಹೊಸ ಕನ್ನಡಕದ ಕಡ್ಡಿ ತೆಗೆದಿಟ್ಟಿದ್ದೇವೆ, ಅಲ್ಲೇ ಸಿಗಬಹುದು ಅಂತ.